ಕೊಲೆ ಒಪ್ಪಿಕೊಂಡರೆ ಶಿಕ್ಷೆ ಎಷ್ಟು ಇಳಿಯುತ್ತೆ?

ಪ್ರಶ್ನೆ: ನಮ್ಮ ಬೀದಿಯ 27 ವರ್ಷದ ಹುಡುಗ ಜಾಗದ ಜಗಳದಲ್ಲಿ ದಾಯಾದಿಯನ್ನು ಮಚ್ಚಿನಿಂದ ಹೊಡೆದುಬಿಟ್ಟ. ಆತ ಅಲ್ಲೇ ಸತ್ತ. ಇವನು ಅದೇ ಮಚ್ಚು ಹಿಡಿದುಕೊಂಡು ನೇರ ಪೊಲೀಸ್ ಸ್ಟೇಷನ್‌ಗೆ ಹೋಗಿ ಶರಣಾದ. ಈಗ ಜೈಲಿನಲ್ಲಿದ್ದಾನೆ. ‘ಕೋರ್ಟಲ್ಲೂ ಒಪ್ಕೊಂಡ್ಬಿಡ್ತೀನಿ, ಬೇಗ ಮುಗೀಲಿ’ ಅಂತಿದ್ದಾನಂತೆ. ಒಪ್ಪಿಕೊಂಡರೆ ಐದಾರು ವರ್ಷಕ್ಕೆ ಬಿಡ್ತಾರೆ ಅಂತ ಅವನ ತಾಯಿಗೆ ಯಾರೋ ಹೇಳಿದ್ದಾರೆ. ಇಂಗ್ಲೆಂಡಿನಲ್ಲಿ ಒಬ್ಬ ಕೊಲೆ ಒಪ್ಪಿಕೊಂಡಿದ್ದಕ್ಕೆ ಜಡ್ಜ್ ಕೆಲವು ವರ್ಷ ಕಡಿಮೆ ಮಾಡಿದರು ಅಂತ ನಾನೂ ಓದಿದ್ದೆ. ನಮ್ಮಲ್ಲೂ ಹಾಗೇನಾ? ಜಡ್ಜ್ ಇದನ್ನೆಲ್ಲ ಹೇಗೆ ತೀರ್ಮಾನ ಮಾಡುತ್ತಾರೆ?
– ಓದುಗರು, ದಾವಣಗೆರೆ

ಉತ್ತರ: ಆ ಐದಾರು ವರ್ಷದ ಮಾತು ಬಹುಶಃ ಜೈಲಿನ ಬ್ಯಾರಕ್ಕಿನಲ್ಲೇ ಹುಟ್ಟಿದ್ದು. ಅಲ್ಲಿ ಪ್ರತಿಯೊಬ್ಬನೂ ಅರ್ಧ ವಕೀಲ. ಆ ಮಾತು ನಂಬಿಕೊಂಡು ಹುಡುಗ ಕಟಕಟೆಯಲ್ಲಿ ತಲೆಯಾಡಿಸುವ ಮುಂಚೆ ಈ ಉತ್ತರವನ್ನು ಆ ಅಮ್ಮನಿಗೆ ಓದಿ ಹೇಳಿ.

ನಮ್ಮ ಕಾನೂನಿನಲ್ಲಿ ಕೊಲೆಗೆ ಎರಡೇ ಶಿಕ್ಷೆ. ಗಲ್ಲು, ಇಲ್ಲವೇ ಜೀವಾವಧಿ. ಜೊತೆಗೆ ದಂಡ. 2024ರ ಜುಲೈ 1ರ ನಂತರ ನಡೆದ ಕೊಲೆಯಾದರೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ, ಅದಕ್ಕೂ ಮುಂಚಿನದಾದರೆ ಹಳೆಯ ಐಪಿಸಿಯ 302. ನಂಬರ್ ಬದಲಾಗಿದೆ, ಶಿಕ್ಷೆ ಅದೇ. ಜೀವಾವಧಿಗಿಂತ ಕೆಳಗೆ ಇಳಿಯುವ ಅಧಿಕಾರ ಸೆಷನ್ಸ್ ಜಡ್ಜ್‌ಗೆ ಇಲ್ಲ. ಆರೋಪಿ ಕಣ್ಣೀರಿಟ್ಟರೂ ಇಲ್ಲ, ಮೊದಲ ದಿನವೇ ಒಪ್ಪಿಕೊಂಡರೂ ಇಲ್ಲ. ಕೊಲೆ ಅಂತ ತೀರ್ಪು ಬಂದ ಮೇಲೆ ‘ಹತ್ತು ವರ್ಷ ಸಾಕು’ ಅಂತ ಬರೆದರೆ ಆ ಆದೇಶ ಹೈಕೋರ್ಟಿನಲ್ಲಿ ನಿಲ್ಲೋದಿಲ್ಲ.

‘ಹಾಗಾದರೆ ಪ್ಲೀ ಬಾರ್ಗೇನಿಂಗ್ ಅಂತ ಇದೆಯಲ್ಲ ಸರ್?’ ಅಂತ ನನ್ನ ಆಫೀಸಿಗೆ ಬರುವವರು ಕೇಳುತ್ತಾರೆ. ಇದೆ. ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಒಪ್ಪಂದ ಮಾಡಿಕೊಳ್ಳುವ ಆ ಪದ್ಧತಿ 2006ರ ಜುಲೈನಿಂದ ಜಾರಿಯಲ್ಲಿದೆ. ಆದರೆ ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ ಅದು ಅನ್ವಯಿಸುವುದಿಲ್ಲ. ಕೊಲೆ ಕೇಸು ಆ ಬಾಗಿಲ ಹತ್ತಿರವೂ ಸುಳಿಯುವಂತಿಲ್ಲ. ಆ ಕಾನೂನು ಬರುವ ಮುಂಚೆಯಂತೂ ಸುಪ್ರೀಂ ಕೋರ್ಟಿಗೆ ಇಂಥ ಒಳ ಒಪ್ಪಂದ ಕಂಡರೆ ಆಗುತ್ತಿರಲಿಲ್ಲ. ನಮ್ಮದೇ ರಾಜ್ಯದ ತಿಪ್ಪೇಸ್ವಾಮಿ ಪ್ರಕರಣ ಎಂಬತ್ತರ ದಶಕದ್ದು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದ ಕೇಸು. ಹಗುರ ಶಿಕ್ಷೆಯ ಭರವಸೆಯ ಮೇಲೆ ಆರೋಪಿ ಒಪ್ಪಿಕೊಂಡ, ದಂಡ ಹಾಕಿ ಬಿಟ್ಟರು. ಮೇಲಿನ ಕೋರ್ಟು ಬಂದು ಜೈಲು ಶಿಕ್ಷೆ ಹಾಕಿತು. ಸುಪ್ರೀಂ ಕೋರ್ಟ್ ಇದು ಅನ್ಯಾಯ ಎಂದಿತು. ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಶಿಕ್ಷೆ ಜಾಸ್ತಿ ಮಾಡುವುದು ಸಂವಿಧಾನದ 21ನೇ ವಿಧಿಗೇ ವಿರುದ್ಧ ಅಂತ ಹೇಳಿತು. ಒಪ್ಪಿಗೆಯ ಹಿಂದೆ ಯಾರದ್ದೋ ಭರವಸೆ ಇದ್ದೀತು ಅನ್ನುವ ಅನುಮಾನ ನಮ್ಮ ನ್ಯಾಯಾಲಯಗಳಲ್ಲಿ ಹಳೆಯದು. ಆ ಅನುಮಾನ ಒಳ್ಳೆಯದೇ ಅಂತ ನನ್ನ ಅಭಿಪ್ರಾಯ.

ನೀವು ಓದಿದ ಇಂಗ್ಲೆಂಡಿನ ಸುದ್ದಿ ಸುಳ್ಳಲ್ಲ. ಅಲ್ಲಿ ಲೆಕ್ಕ ಬೇರೆ. ಅಲ್ಲಿ ಗಲ್ಲು ಇಲ್ಲ, ಕೊಲೆಗೆ ಜೀವಾವಧಿ ಕಡ್ಡಾಯ. ಆದರೆ ಕನಿಷ್ಠ ಎಷ್ಟು ವರ್ಷ ಒಳಗಿರಬೇಕು ಅನ್ನುವ ಅಂಕಿಯನ್ನು ಜಡ್ಜ್ ಅವತ್ತೇ ಹೇಳಬೇಕು. ವಯಸ್ಕರ ಸಾಮಾನ್ಯ ಕೊಲೆಗೆ 15 ವರ್ಷದಿಂದ ಲೆಕ್ಕ ಶುರು. ಕೊಲ್ಲುವ ಜಾಗಕ್ಕೆ ಚಾಕು ತಗೊಂಡೇ ಹೋಗಿದ್ದರೆ 25ರಿಂದ, ಬಂದೂಕು ಬಳಸಿದ್ದರೆ, ಹಣಕ್ಕಾಗಿ ಕೊಂದಿದ್ದರೆ 30ರಿಂದ. ಅಲ್ಲಿಂದ ಮೇಲೆ ಕೆಳಗೆ ಮಾಡಿ ಒಂದು ಅಂಕಿಗೆ ಬಂದ ಮೇಲೆ, ಮೊದಲ ಹಂತದಲ್ಲೇ ತಪ್ಪೊಪ್ಪಿಕೊಂಡವನಿಗೆ ಹೆಚ್ಚೆಂದರೆ ಆರನೇ ಒಂದು ಭಾಗ ಕಡಿತ. ಅದೂ ಐದು ವರ್ಷ ಮೀರುವಂತಿಲ್ಲ. 24 ವರ್ಷ ಅಂತ ಬಂದರೆ ನಾಲ್ಕು ಕಳೆದು 20. 36 ಬಂದರೆ ಆರು ಕಳೆಯೋದಿಲ್ಲ, ಐದೇ. ವಿಚಾರಣೆ ಶುರುವಾಗುವ ದಿನ ಒಪ್ಪಿಕೊಂಡವನಿಗೆ ಇಪ್ಪತ್ತನೇ ಒಂದು ಭಾಗವಷ್ಟೇ. ಇನ್ನು ಅತಿ ಘೋರ ಕೃತ್ಯ ಅನ್ನಿಸಿದರೆ ಒಪ್ಪಿಗೆಯಿಂದ ಏನೂ ಸಿಗುವುದಿಲ್ಲ. ಲಂಡನ್ನಿನಲ್ಲಿ ಸಾರಾ ಎವೆರಾರ್ಡ್ ಅನ್ನುವ ಯುವತಿಯನ್ನು ಅಪಹರಿಸಿ ಕೊಂದ ಪೊಲೀಸ್ ಅಧಿಕಾರಿ ವೇಯ್ನ್ ಕಝೆನ್ಸ್ ತಪ್ಪೊಪ್ಪಿಕೊಂಡಿದ್ದ. 2021ರ ಸೆಪ್ಟೆಂಬರಿನಲ್ಲಿ ಅವನಿಗೆ ಸಾಯುವ ತನಕ ಜೈಲು ಅಂತಲೇ ಆಯಿತು.

ಈ ಲೆಕ್ಕ ನಮ್ಮಲ್ಲಿ ಯಾಕೆ ನಡೆಯೋಲ್ಲ? ನಮ್ಮ ಸೆಷನ್ಸ್ ಜಡ್ಜ್ ವರ್ಷಗಳ ಅಂಕಿಯನ್ನೇ ಬರೆಯುವುದಿಲ್ಲ. ‘ಜೀವಾವಧಿ’ ಅಂತ ಒಂದು ಪದ ಬರೆಯುತ್ತಾರೆ, ಅಷ್ಟೇ. ಅಂಕಿಯೇ ಇಲ್ಲದ ಮೇಲೆ ಯಾವುದರಲ್ಲಿ ಕಳೆಯೋದು?

ಈಗ ಕೋರ್ಟಿನಲ್ಲಿ ನಡೆಯುವುದನ್ನು ನೋಡೋಣ. ದೋಷಾರೋಪ ಹೊರಿಸುವ ದಿನ ಜಡ್ಜ್ ಆರೋಪವನ್ನು ಕನ್ನಡದಲ್ಲಿ ಓದಿಸಿ ಕೇಳುತ್ತಾರೆ: ‘ಅರ್ಥ ಆಯ್ತಾ? ಒಪ್ಪುತ್ತೀಯಾ, ವಿಚಾರಣೆ ಬೇಕಾ?’ ನೂರಕ್ಕೆ ತೊಂಬತ್ತೊಂಬತ್ತು ಜನ ‘ಸುಳ್ಳು ಸ್ವಾಮಿ, ವಿಚಾರಣೆ ಆಗಲಿ’ ಅಂತಾರೆ. ಆರ್ಡರ್ ಶೀಟಿನಲ್ಲಿ ಒಂದು ಸಾಲು ಬರೆದು ಸಾಕ್ಷಿಗಳಿಗೆ ದಿನ ಹಾಕುತ್ತಾರೆ. ಆ ಒಬ್ಬ ‘ಹೌದು’ ಅಂದಾಗ ಏನಾಗುತ್ತೆ ಅನ್ನೋದು ನೋಡಬೇಕಾದ್ದು.

ನಾನೊಂದು ಸಲ ನೋಡಿದ್ದೇನೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಹೊಲದ ಬದುವಿನ ಜಗಳ. ಪಕ್ಕದ ಹೊಲದವನು ಸನಿಕೆ ಏಟಿಗೆ ಸತ್ತಿದ್ದ. ಆರೋಪಿ ನಲವತ್ತರ ರೈತ, ಬರಿಗಾಲು, ಹೆಗಲ ಮೇಲೆ ಟವೆಲ್. ಬೆಂಚ್ ಕ್ಲರ್ಕ್ ಆರೋಪ ಓದಿ ಮುಗಿಸುವ ಮುಂಚೆಯೇ ಕೈಮುಗಿದು, ‘ಹೌದು ಸ್ವಾಮಿ, ನಾನೇ ಹೊಡ್ದಿದ್ದು’ ಅಂದ. ಕೋರ್ಟ್ ಹಾಲಿನಲ್ಲಿ ಒಂದು ಗಳಿಗೆ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಜಡ್ಜ್ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. ‘ಯಾಕೆ ಹೊಡೆದೆ?’ ಅಂತ ಕೇಳಲಿಲ್ಲ. ‘ನಿನ್ನ ವಕೀಲರ ಜೊತೆ ಮಾತಾಡಿದ್ದೀಯಾ? ಇದಕ್ಕೆ ಗಲ್ಲೂ ಆಗಬಹುದು ಗೊತ್ತಾ? ಯಾರಾದರೂ ಹೀಗೆ ಹೇಳು ಅಂದಿದ್ದಾರಾ?’ ಅಂತ ಒಂದರ ಹಿಂದೆ ಒಂದು ಕೇಳಿದರು. ಅವನು ಮೂರನೇ ಪ್ರಶ್ನೆಗೆ ಉತ್ತರ ಹೇಳುವ ಬದಲು, ‘ನಮ್ಮವ್ವನ್ನ ಕೂದಲು ಹಿಡ್ದು ಎಳೀತಿದ್ದ ಸ್ವಾಮಿ’ ಅಂದ.

ಅಲ್ಲಿಗೆ ಕೇಸಿನ ದಿಕ್ಕೇ ಬೇರೆ ಆಯಿತು. ಜಡ್ಜ್ ‘ಆರೋಪ ಒಪ್ಪಿಲ್ಲ’ ಎಂದು ಬರೆಸಿ ವಿಚಾರಣೆಗೆ ದಿನ ಕೊಟ್ಟರು. ಮುಂದೆ ತಾಯಿ ಸಾಕ್ಷಿ ಹೇಳಿದರು, ಅವರ ಗಾಯದ ಸರ್ಟಿಫಿಕೇಟ್ ಬಂತು. ಕೊನೆಗೆ ಶಿಕ್ಷೆ ಆಗಿದ್ದು 302ರಲ್ಲಿ ಅಲ್ಲ, ಕೊಲೆಯಲ್ಲದ ನರಹತ್ಯೆಗೆ ಇದ್ದ 304ರ ಎರಡನೇ ಭಾಗದಲ್ಲಿ. ಏಳು ವರ್ಷ. ಮೊದಲ ದಿನದ ‘ಹೌದು’ ಅನ್ನುವುದನ್ನೇ ಹಿಡಿದು ತೀರ್ಪು ಬರೆದಿದ್ದರೆ ಜೀವಾವಧಿ ಆಗುತ್ತಿತ್ತು.

ಆ ರೈತ ಒಪ್ಪಿಕೊಂಡಿದ್ದು ಹೊಡೆದದ್ದನ್ನು. ಕೊಲೆಯನ್ನಲ್ಲ. ‘ಕೊಂದೆ’ ಅನ್ನುವುದು ನಡೆದ ಸಂಗತಿ. ಅದು ‘ಕೊಲೆ’ ಹೌದೋ ಅಲ್ಲವೋ ಅನ್ನುವುದು ಕಾನೂನಿನ ತೀರ್ಮಾನ. ಸಾಯಿಸುವ ಉದ್ದೇಶ ಇತ್ತಾ, ಈ ಏಟಿಗೆ ಸಾಯುತ್ತಾನೆ ಅನ್ನುವ ಅರಿವು ಮಾತ್ರ ಇತ್ತಾ, ದಿಢೀರ್ ಜಗಳವಾ, ಕೆರಳಿಸಿದ್ದರಾ, ತನ್ನ ಅಥವಾ ತನ್ನವರ ರಕ್ಷಣೆಗೆ ಕೈ ಎತ್ತಿದ್ದಾ? ಇದಕ್ಕೆಲ್ಲ ಉತ್ತರ ನೋಡಿ ಅದು ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ ಅಂತ ಹೇಳಬೇಕು. ಎರಡನೆಯದಾದರೆ ಹೊಸ ಕಾನೂನಿನ 105ನೇ ಕಲಂ. ಉದ್ದೇಶ ಇದ್ದರೆ ಐದರಿಂದ ಹತ್ತು ವರ್ಷ, ಇಲ್ಲವೇ ಜೀವಾವಧಿ. ಅರಿವು ಮಾತ್ರ ಇದ್ದರೆ ಹತ್ತು ವರ್ಷದ ತನಕ. ಜಡ್ಜ್‌ಗೆ ವರ್ಷಗಳಲ್ಲಿ ಅಳೆಯುವ ಅವಕಾಶ ಸಿಗುವುದು ಇಲ್ಲಿ. ಜೀವಾವಧಿಗೂ ಏಳು ವರ್ಷಕ್ಕೂ ನಡುವಿನ ಅಂತರ ಹುಟ್ಟುವುದು ಯಾವ ಕಲಂ ಅನ್ನುವ ಪ್ರಶ್ನೆಯಲ್ಲಿ. ಒಪ್ಪಿಕೊಳ್ಳುವ ಆರೋಪಿ ಆ ಪ್ರಶ್ನೆಯನ್ನೇ ಕೈಯಾರೆ ಮುಚ್ಚಿಬಿಡುತ್ತಾನೆ.

ಮುಂಬೈನ ನಾನಾವತಿ ಪ್ರಕರಣ ಕೇಳಿರಬಹುದು. ನೌಕಾಪಡೆಯ ಕಮಾಂಡರ್, ಹೆಂಡತಿಯ ಪ್ರಿಯಕರನಿಗೆ ಗುಂಡು ಹೊಡೆದು ತಾನೇ ಹೋಗಿ ಪೊಲೀಸರಿಗೆ ಶರಣಾದ. ಗುಂಡು ಹಾರಿದ್ದು ತನ್ನ ಕೈಯಲ್ಲಿದ್ದ ರಿವಾಲ್ವರಿನಿಂದಲೇ ಎಂಬುದನ್ನು ಅಲ್ಲಗಳೆಯಲಿಲ್ಲ. ಹಾಗಿದ್ದೂ ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. ಹೆಂಡತಿ ವಿಷಯ ಹೇಳಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಇತ್ತು. ಅಷ್ಟರಲ್ಲಿ ಮನಸ್ಸು ತಣಿಯಬಹುದಿತ್ತು, ಇದು ದಿಢೀರ್ ಕೋಪ ಅಲ್ಲ ಎಂದು 1961ರಲ್ಲಿ ಜೀವಾವಧಿ ಖಾಯಂ ಮಾಡಿದರು. ನಿಮ್ಮ ಬೀದಿಯ ಹುಡುಗನ ಕೇಸಿನಲ್ಲೂ ಇದೇ ಬರುತ್ತೆ. ಮಚ್ಚು ಎಲ್ಲಿತ್ತು? ಜಗಳದ ಜಾಗದಲ್ಲೇ ಬಿದ್ದಿತ್ತಾ, ಮನೆಗೆ ಹೋಗಿ ತಂದನಾ? ಏಟು ಒಂದಾ, ಎಂಟಾ? ಎಲ್ಲಿಗೆ ಬಿತ್ತು? ಶರಣಾದದ್ದಕ್ಕಿಂತ ಇವು ಮುಖ್ಯ.

ಕಾನೂನೂ ಜಡ್ಜ್‌ಗೆ ಇದೇ ಎಚ್ಚರ ಕೊಟ್ಟಿದೆ. ಆರೋಪಿ ಒಪ್ಪಿಕೊಂಡರೆ ಅದನ್ನು ದಾಖಲಿಸಲೇಬೇಕು. ಆದರೆ ಅದರ ಮೇಲೇ ದೋಷಿ ಅಂತ ತೀರ್ಮಾನಿಸುವುದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಕೊಲೆ ಕೇಸಿನಲ್ಲಿ ಹಾಗೆ ತೀರ್ಮಾನಿಸದೆ ಸಾಕ್ಷ್ಯ ನಡೆಸಿಯೇ ಮುಂದೆ ಹೋಗುವುದು ನಮ್ಮ ಕೋರ್ಟುಗಳ ಬಹುಕಾಲದ ರೂಢಿ. 26/11ರ ಕಸಬ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2009ರ ಮೇನಲ್ಲಿ ಆರೋಪ ಒಪ್ಪಲ್ಲ ಎಂದವನು ಜುಲೈ 20ರಂದು ಇದ್ದಕ್ಕಿದ್ದ ಹಾಗೆ ಎದ್ದು ನಿಂತು ಒಪ್ಪಿಕೊಂಡ. ಅಷ್ಟು ಹೊತ್ತಿಗೆ ನೂರಕ್ಕೂ ಜಾಸ್ತಿ ಸಾಕ್ಷಿಗಳು ಹೇಳಿಕೆ ಕೊಟ್ಟಾಗಿತ್ತು. ಜಡ್ಜ್ ತಹಲಿಯಾನಿ ‘ಸರಿ, ಮುಗೀತು’ ಅನ್ನಲಿಲ್ಲ. ಎಲ್ಲ ಆರೋಪಗಳನ್ನೂ ಪೂರ್ತಿ ಒಪ್ಪಿಲ್ಲ ಎಂದು ಗಮನಿಸಿ, ಅವನ ಮಾತನ್ನು ದಾಖಲೆಯಲ್ಲಿ ಇಟ್ಟುಕೊಂಡು ವಿಚಾರಣೆ ಮುಂದುವರಿಸಿದರು. ಡಿಸೆಂಬರಿನಲ್ಲಿ ಅವನು ಮಾತು ತಿರುಗಿಸಿದ. ವಿಚಾರಣೆ ನಿಂತಿರಲಿಲ್ಲವಾದ್ದರಿಂದ ಏನೂ ಕೆಡಲಿಲ್ಲ. 2010ರ ಮೇ 6ರಂದು ಗಲ್ಲು ಶಿಕ್ಷೆ ಆಯಿತು. ಇಡೀ ದೇಶವೇ ಟಿವಿಯಲ್ಲಿ ನೋಡಿದ ಕೃತ್ಯಕ್ಕೇ ಬರೀ ಒಪ್ಪಿಗೆ ಸಾಕಾಗಲಿಲ್ಲ ಅಂದಮೇಲೆ, ಬೀದಿ ಜಗಳದ ಕೇಸಿಗೆ ಸಾಕಾಗುತ್ತಾ?

ಇನ್ನು ಸ್ಟೇಷನ್ನಿನಲ್ಲಿ ಹೇಳಿದ ಮಾತು. ಇದು ಜನರಿಗೆ ನಂಬೋದಕ್ಕೇ ಕಷ್ಟ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲ. ಬಿಹಾರದ ಅಘನೂ ನಗೇಸಿಯಾ ಅನ್ನುವವನು ತನ್ನ ಸಂಬಂಧಿಕರನ್ನು ಕೊಂದೆ ಅಂತ ತಾನೇ ಸ್ಟೇಷನ್ನಿಗೆ ಹೋಗಿ ದೂರು ಬರೆಸಿದ್ದ. ಎಫ್‌ಐಆರ್ ಆದದ್ದೇ ಅವನ ಮಾತಿನ ಮೇಲೆ. ಕೆಳ ಕೋರ್ಟು ಗಲ್ಲು ಹಾಕಿತ್ತು. 1965ರಲ್ಲಿ ಸುಪ್ರೀಂ ಕೋರ್ಟ್ ಆ ತಪ್ಪೊಪ್ಪಿಗೆಯನ್ನೆಲ್ಲ ಪಕ್ಕಕ್ಕಿಟ್ಟು, ಉಳಿದ ಸಾಕ್ಷ್ಯ ಸಾಲದು ಅಂತ ಅವನನ್ನು ಬಿಡುಗಡೆ ಮಾಡಿತು. ಹಾಗಂತ ನಿಮ್ಮ ಹುಡುಗನಿಗೆ ಇದರಿಂದ ತುಂಬಾ ಆಸೆ ಬೇಡ. ಅವನ ಕೈಯಲ್ಲಿದ್ದ ಮಚ್ಚು, ಬಟ್ಟೆ ಮೇಲಿನ ರಕ್ತ, ಅವೆಲ್ಲ ಮಹಜರಿನಲ್ಲಿ ಬಂದಿರುತ್ತವೆ. ಅವು ಸಾಕ್ಷ್ಯವೇ. ಆರೋಪಿ ಹೇಳಿದ್ದರಿಂದ ಏನಾದರೂ ವಸ್ತು ಸಿಕ್ಕಿದರೆ, ಆ ವಸ್ತುವಿಗೆ ಅಂಟಿಕೊಂಡ ಮಾತಿನ ತುಂಡೂ ನಡೆಯುತ್ತೆ. ಮ್ಯಾಜಿಸ್ಟ್ರೇಟ್ ಮುಂದೆ ಕೊಡುವ ತಪ್ಪೊಪ್ಪಿಗೆ ಬೇರೆ ವಿಷಯ. ಅಲ್ಲಿ ‘ನೀನು ಹೇಳಲೇಬೇಕಾಗಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಸುತ್ತಾರೆ’ ಅಂತ ಎಚ್ಚರಿಸಿ, ಪೊಲೀಸರನ್ನು ಹೊರಗಿಟ್ಟು, ಯೋಚಿಸಲು ಸಮಯ ಕೊಟ್ಟು ಬರೆದುಕೊಳ್ಳುತ್ತಾರೆ. ಹುಡುಗ ಅಂಥದ್ದೇನಾದರೂ ಕೊಟ್ಟಿದ್ದಾನಾ ಅಂತ ಮೊದಲು ವಿಚಾರಿಸಿ.

ಸರಿ, ಕೊಲೆ ಅಂತಲೇ ಸಾಬೀತಾಯಿತು ಅಂದುಕೊಳ್ಳೋಣ. ಆಮೇಲೆ ಶಿಕ್ಷೆಯ ಬಗ್ಗೆ ಬೇರೆಯೇ ವಿಚಾರಣೆ ಇದೆ. ‘ಶಿಕ್ಷೆ ಬಗ್ಗೆ ಏನು ಹೇಳ್ತೀಯ?’ ಅಂತ ಜಡ್ಜ್ ಕೇಳಲೇಬೇಕು. ಕೇಳದಿದ್ದರೆ ಅದು ಸಣ್ಣ ಲೋಪ ಅಲ್ಲ ಅಂತ 1976ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಜ ಹೇಳಬೇಕೆಂದರೆ, ಗಲ್ಲಿನ ಮಾತೇ ಇಲ್ಲದ ಕೇಸುಗಳಲ್ಲಿ ಇದು ಐದು ನಿಮಿಷದಲ್ಲಿ ಮುಗಿಯುತ್ತೆ. ‘ನಾನೊಬ್ಬನೇ ದುಡಿಯೋನು ಸ್ವಾಮಿ, ಮಕ್ಕಳು ಚಿಕ್ಕವು’ ಅಂತಾನೆ. ಜೀವಾವಧಿ ಅಂತ ಬರೆಯುತ್ತಾರೆ. ಅದಕ್ಕಿಂತ ಕಮ್ಮಿ ಬರೆಯುವ ದಾರಿ ಇಲ್ಲವಲ್ಲ.

ಗಲ್ಲು ಬೇಕು ಅಂತ ಸರ್ಕಾರಿ ವಕೀಲರು ಕೇಳಿದ ಕೇಸಿನಲ್ಲಿ ಮಾತ್ರ ಈ ಹಂತಕ್ಕೆ ಜೀವ ಬರುತ್ತೆ. ಪಶ್ಚಾತ್ತಾಪ, ಶರಣಾಗತಿ, ಒಪ್ಪಿಗೆ ಎಲ್ಲಕ್ಕೂ ಬೆಲೆ ಇರುವುದು ಇಲ್ಲೇ. ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪಿನ ಪ್ರಕಾರ ಜೀವಾವಧಿಯೇ ನಿಯಮ, ಗಲ್ಲು ಅಪರೂಪದಲ್ಲಿ ಅಪರೂಪದ ಕೇಸಿಗೆ. ಕೃತ್ಯವನ್ನು ಮಾತ್ರ ನೋಡಿದರೆ ಸಾಲದು, ಮಾಡಿದವನನ್ನೂ ನೋಡಬೇಕು. ಅವನ ವಯಸ್ಸು, ಆಗಿನ ಮನಸ್ಥಿತಿ, ಬೇರೆಯವರ ಒತ್ತಡ, ತಿದ್ದಿಕೊಳ್ಳುವ ಸಾಧ್ಯತೆ. ಇವನು ತಿದ್ದಿಕೊಳ್ಳೋದಿಲ್ಲ ಅಂತ ತೋರಿಸುವ ಹೊರೆ ಸರ್ಕಾರದ್ದು. ಅದೇ ಕೋರ್ಟಿನ 2022ರ ಮನೋಜ್ ತೀರ್ಪು ಇನ್ನೂ ಮುಂದೆ ಹೋಯಿತು. ಮನೋವೈದ್ಯಕೀಯ ವರದಿ, ಜೈಲಿನಲ್ಲಿ ಹೇಗಿದ್ದಾನೆ ಎಂಬ ವರದಿ, ಬೆಳೆದ ಮನೆಯ ಹಿನ್ನೆಲೆ ಎಲ್ಲವನ್ನೂ ತರಿಸಿಕೊಳ್ಳಿ ಎಂದಿತು. ಇಷ್ಟಾದ ಮೇಲೂ ಸೆಷನ್ಸ್ ಕೋರ್ಟ್ ಕೊಟ್ಟ ಗಲ್ಲನ್ನು ಹೈಕೋರ್ಟ್ ಖಾಯಂ ಮಾಡದೆ ಜಾರಿ ಮಾಡುವಂತಿಲ್ಲ.

ಒಪ್ಪಿಗೆ ಎಷ್ಟರ ಮಟ್ಟಿಗೆ ತೂಗುತ್ತೆ ಅನ್ನುವುದು ಅದು ಯಾವಾಗ ಬಂತು ಅನ್ನುವುದರ ಮೇಲೆ. ಸಿಕ್ಕಿಬಿದ್ದ ಮೇಲೆ ಬಾಯಿ ಬಿಟ್ಟರೆ ಅದನ್ನು ಯಾರೂ ಪಶ್ಚಾತ್ತಾಪ ಅನ್ನೋದಿಲ್ಲ. ಬೆಂಗಳೂರಿನ ಶ್ರದ್ಧಾನಂದ ಪ್ರಕರಣ ನೆನಪಿರಬಹುದು. ರಿಚ್ಮಂಡ್ ರಸ್ತೆಯ ಮನೆಯ ಅಂಗಳದಲ್ಲಿ ಹೆಂಡತಿಯನ್ನು ಹೂತಿದ್ದ ಕೇಸು. ಆಕೆ ಕಾಣೆಯಾಗಿದ್ದು 1991ರಲ್ಲಿ, ಶವ ಸಿಕ್ಕಿದ್ದು 1994ರಲ್ಲಿ. ಜಾಗ ತೋರಿಸಿದ್ದು ಅವನೇ. ಅದು ಅವನಿಗೆ ಯಾವ ರಿಯಾಯಿತಿಯನ್ನೂ ತರಲಿಲ್ಲ, ಅವನ ವಿರುದ್ಧದ ಸಾಕ್ಷ್ಯವಾಯಿತು. ಮೂರು ವರ್ಷ ಏನೂ ಆಗಿಲ್ಲ ಅನ್ನುವ ಹಾಗೆ ಓಡಾಡಿದವನು, ಅಲ್ವಾ? ಸೆಷನ್ಸ್ ಕೋರ್ಟ್ ಗಲ್ಲು ಕೊಟ್ಟಿತು, ಹೈಕೋರ್ಟ್ ಒಪ್ಪಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ತಮ್ಮಲ್ಲೇ ಒಪ್ಪಲಿಲ್ಲ. ಒಬ್ಬರಿಗೆ ಗಲ್ಲು ಸರಿ ಅನ್ನಿಸಿತು, ಇನ್ನೊಬ್ಬರಿಗೆ ಜೀವಾವಧಿ. 2008ರಲ್ಲಿ ಮೂವರ ಪೀಠ ನಡುವಿನ ದಾರಿ ಹಿಡಿಯಿತು. ಹದಿನಾಲ್ಕು ವರ್ಷಕ್ಕೆ ಹೊರಬಂದರೆ ತೀರಾ ಕಡಿಮೆ, ಗಲ್ಲು ತೀರಾ ಜಾಸ್ತಿ. ಹಾಗಾಗಿ ಜೀವಾವಧಿ, ಆದರೆ ಸಾಯುವ ತನಕ ಬಿಡುಗಡೆ ಇಲ್ಲ. ಇಂಥ ‘ಇಷ್ಟು ವರ್ಷ ಬಿಡಬಾರದು’ ಅನ್ನುವ ಶಿಕ್ಷೆಯನ್ನು ಹೈಕೋರ್ಟ್, ಸುಪ್ರೀಂ ಕೋರ್ಟ್ ಮಾತ್ರ ಕೊಡಬಹುದು ಅಂತ 2015ರಲ್ಲಿ ಐವರ ಸಂವಿಧಾನ ಪೀಠ ಹೇಳಿತು. ಸೆಷನ್ಸ್ ಜಡ್ಜ್‌ಗೆ ಆ ಅಧಿಕಾರ ಇಲ್ಲ.

ನೀವು ವಿವರಿಸಿದ ಕೇಸಿನಲ್ಲಿ ಗಲ್ಲಿನ ಮಾತು ಬರುವ ಲಕ್ಷಣ ನನಗೆ ಕಾಣುವುದಿಲ್ಲ. ಅಂದರೆ ಒಪ್ಪಿಗೆಗೆ ಬೆಲೆ ಇರುವ ಆ ಒಂದು ಜಾಗಕ್ಕೇ ಕೇಸು ಹೋಗೋದಿಲ್ಲ. ಒಪ್ಪಿಕೊಂಡು ಅವನು ಗಳಿಸುವುದು ಸ್ವಲ್ಪ ಸಮಯ. ಕಳೆದುಕೊಳ್ಳುವುದು ಏನು ಗೊತ್ತಾ? ಒಪ್ಪಿಗೆಯ ಮೇಲೆ ಸೆಷನ್ಸ್ ಕೋರ್ಟ್ ದೋಷಿ ಅಂತ ತೀರ್ಮಾನಿಸಿದರೆ, ‘ನಾನು ದೋಷಿಯಲ್ಲ’ ಅಂತ ಆಮೇಲೆ ಮೇಲ್ಮನವಿ ಹಾಕುವಂತಿಲ್ಲ. ಶಿಕ್ಷೆಯ ಪ್ರಮಾಣ, ಅದು ಕಾನೂನುಬದ್ಧವೋ ಅಲ್ಲವೋ, ಇಷ್ಟನ್ನೇ ಪ್ರಶ್ನಿಸಬಹುದು. ಜೀವಾವಧಿಗಿಂತ ಕೆಳಗೆ ಇಲ್ಲವಾದ್ದರಿಂದ ಅದೂ ಖಾಲಿ ಕೊಡವೇ.

ಹದಿನಾಲ್ಕು ವರ್ಷದ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಜೀವಾವಧಿ ಅಂದರೆ 14 ವರ್ಷ ಅನ್ನುವುದು ತಪ್ಪು ತಿಳಿವಳಿಕೆ. ಜೀವಾವಧಿ ಅಂದರೆ ಜೀವ ಇರುವ ತನಕ. ಕೊಲೆಯಂಥ ಅಪರಾಧದಲ್ಲಿ 14 ವರ್ಷ ಒಳಗಿರದೆ ಬಿಡುವಂತಿಲ್ಲ ಅನ್ನುವುದು ಕಾನೂನು. ಅದು ಅರ್ಜಿ ಹಾಕುವ ಹೊಸ್ತಿಲು, ಬಿಡುಗಡೆಯ ದಿನಾಂಕ ಅಲ್ಲ. ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಬಿಡುವುದು ಬಿಡದಿರುವುದು ಸರ್ಕಾರದ ಕೈಯಲ್ಲಿ. ನಮ್ಮಲ್ಲಿ ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಹೊತ್ತಿಗೆ ‘ಸನ್ನಡತೆ ಆಧಾರದ ಬಿಡುಗಡೆ’ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದೇ. ಆಗ ಸರ್ಕಾರ ಶಿಕ್ಷೆ ಕೊಟ್ಟ ಕೋರ್ಟಿನ ಜಡ್ಜ್ ಅಭಿಪ್ರಾಯ ಕೇಳಬಹುದು. ಅಷ್ಟು ಹೊತ್ತಿಗೆ ತೀರ್ಪು ಬರೆದವರು ನಿವೃತ್ತಿಯಾಗಿರುತ್ತಾರೆ. ಆ ಕುರ್ಚಿಯಲ್ಲಿ ಕೂತ ಹೊಸಬರು ಹಳೆಯ ಫೈಲು ತೆಗೆಸಿ ಓದುತ್ತಾರೆ. ಹುಡುಗ ಓಡಿಹೋಗಲಿಲ್ಲ, ತಾನೇ ಬಂದು ಶರಣಾದ ಅನ್ನುವ ಒಂದು ಸಾಲು ಆ ತೀರ್ಪಿನಲ್ಲಿದ್ದರೆ, ಅದು ಉಪಯೋಗಕ್ಕೆ ಬರುವುದು ಆ ದಿನ.

ಆ ಸಾಲು ಬರಬೇಕು ಅಂದರೆ ಆರೋಪ ಒಪ್ಪಲೇಬೇಕು ಅಂತಿಲ್ಲ. ವಿಚಾರಣೆ ನಡೆಯಲಿ. ಶರಣಾದ ಸಂಗತಿ ಠಾಣೆಯ ಅಧಿಕಾರಿಯ ಪಾಟೀಸವಾಲಿನಲ್ಲೇ ದಾಖಲೆಗೆ ಬರುತ್ತೆ, ವಕೀಲರು ಕೇಳಿದರೆ.

ಹಾಗಾಗಿ ಆ ಅಮ್ಮನಿಗೆ ಹೀಗೆ ಹೇಳಿ. ಮಗನ ಪರ ವಕೀಲರು ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಕೋರ್ಟ್ ಆವರಣದಲ್ಲೇ ಕೇಳಿದರೆ ತೋರಿಸುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಜೈಲಿನಲ್ಲಿರುವವನಿಗೆ ಉಚಿತವಾಗಿ ವಕೀಲರನ್ನು ಕೊಡಲೇಬೇಕು. ಒಪ್ಪಿಕೊಳ್ಳುವ ಮಾತನ್ನು ಆ ವಕೀಲರ ಜೊತೆ ಕೂತು ಮಾತಾಡಲಿ, ಬ್ಯಾರಕ್ಕಿನಲ್ಲಿ ಅಲ್ಲ. ಜಗಳ ಹೇಗೆ ಶುರುವಾಯಿತು ಅಂತ ಕಣ್ಣಾರೆ ಕಂಡವರು ಯಾರಿದ್ದರು, ಇವನಿಗೂ ಏಟು ಬಿದ್ದಿತ್ತಾ, ಬಿದ್ದಿದ್ದರೆ ಆಸ್ಪತ್ರೆ ಚೀಟಿ ಇದೆಯಾ, ಜಾಗದ ತಕರಾರಿಗೆ ಮುಂಚೆ ಕೊಟ್ಟ ದೂರುಗಳ ಪ್ರತಿ ಎಲ್ಲಿದೆ, ಇವನ್ನೆಲ್ಲ ಈಗಲೇ ಹುಡುಕಿಡಲಿ. ದೋಷಾರೋಪ ಓದುವ ದಿನ ಬರುವಷ್ಟರಲ್ಲಿ ಆ ಕಾಗದಗಳು ವಕೀಲರ ಕೈಯಲ್ಲಿರಬೇಕು.